ಬರ್ಲಿನ್‌ನಲ್ಲಿ ತಿಂಗಳಿಗೆ ಎಷ್ಟು ಬೇಕು? ಮೊದಲು ಬಾಡಿಗೆ ಕರಾರು ನೋಡಿ

ಪ್ರಶ್ನೆ: ನನ್ನ ಯಜಮಾನರಿಗೆ ಬರ್ಲಿನ್‌ನಲ್ಲಿ ಸಾಫ್ಟ್‌ವೇರ್ ಕೆಲಸ ಸಿಕ್ಕಿದೆ. ಸಂಬಳ ವರ್ಷಕ್ಕೆ 60,000 ಯೂರೋ. ವೀಸಾ ಬ್ಲೂ ಕಾರ್ಡ್, ಅಂದರೆ ಪದವಿ ಇರುವ ವಿದೇಶಿ ಉದ್ಯೋಗಿಗಳಿಗೆ ಕೊಡುವುದು. ನಾನು ಮತ್ತು ನಾಲ್ಕು ವರ್ಷದ ಮಗಳು ಜೊತೆಗೆ ಹೋಗಬೇಕು. ಅಲ್ಲಿರುವ ಪರಿಚಯದವರೊಬ್ಬರು ಮೂವರ ಸಂಸಾರಕ್ಕೆ ತಿಂಗಳಿಗೆ 2,000 ಯೂರೋ ಸಾಕು ಅನ್ನುತ್ತಾರೆ. ಇನ್ನೊಬ್ಬರು 4,000 ಇಲ್ಲದೆ ಆಗಲ್ಲ ಅನ್ನುತ್ತಾರೆ. ಯಾರ ಮಾತು ನಂಬೋದು? ಏನಾದರೂ ಉಳಿಯುತ್ತಾ? ನಾನು ಅಕೌಂಟ್ಸ್ ಕೆಲಸ ಬಿಟ್ಟು ಬರಬೇಕು, ಅದಕ್ಕೇ ಚಿಂತೆ.

ಉತ್ತರ: ಇಬ್ಬರ ಮಾತೂ ನಿಜ. ಅವರು ಬರ್ಲಿನ್‌ಗೆ ಬಂದ ವರ್ಷ ಬೇರೆ ಬೇರೆ, ಅಷ್ಟೇ. 2,000 ಸಾಕು ಅಂದವರನ್ನು ಒಂದೇ ಪ್ರಶ್ನೆ ಕೇಳಿ: ‘ನಿಮ್ಮ ಬಾಡಿಗೆ ಕರಾರು ಯಾವ ವರ್ಷದ್ದು?’ ಹತ್ತು ಹನ್ನೆರಡು ವರ್ಷದ ಹಿಂದಿನದು ಅಂತ ಉತ್ತರ ಬಂದರೆ ಆಶ್ಚರ್ಯ ಇಲ್ಲ. 4,000 ಬೇಕು ಅಂದವರು ಹೊಸದಾಗಿ ಬಂದು, ಸಾಮಾನು ಸಮೇತ ಸಿಗುವ ತಾತ್ಕಾಲಿಕ ಮನೆಯಲ್ಲಿ ಇದ್ದಾರೇನೋ. ಇಬ್ಬರೂ ಒಂದೇ ಅಂಗಡಿಯಲ್ಲಿ ಅಕ್ಕಿ ಕೊಳ್ಳುತ್ತಾರೆ, ಒಂದೇ ರೈಲಿನಲ್ಲಿ ಓಡಾಡುತ್ತಾರೆ. ವ್ಯತ್ಯಾಸ ಇರುವುದು ಬಾಡಿಗೆಯಲ್ಲಿ.

ನಾನು ಈ ಊರಿಗೆ ಬಂದು ಹದಿನಾಲ್ಕು ವರ್ಷ ಆಯಿತು. ಹೊಸದಾಗಿ ಬರುವ ಕುಟುಂಬಗಳಿಗೆ ಮನೆ, ತೆರಿಗೆ, ಸರಕಾರಿ ಕಾಗದಪತ್ರಗಳಲ್ಲಿ ನೆರವಾಗುವುದೇ ನನ್ನ ಕೆಲಸ. ಇಷ್ಟು ವರ್ಷದಲ್ಲಿ ಕಂಡದ್ದನ್ನು ಹೇಳುತ್ತೇನೆ. ಇಲ್ಲಿ ತಿಂಗಳ ಖರ್ಚಿಗೆ ಸಂಬಳ ಸಾಲದೆ ಸೋತವರು ಕಡಿಮೆ. ಮೊದಲ ಆರು ತಿಂಗಳಲ್ಲಿ ಕೈ ಖಾಲಿಯಾಗಿ ಒದ್ದಾಡಿದವರು ಜಾಸ್ತಿ. ಆದ್ದರಿಂದ ‘ತಿಂಗಳಿಗೆ ಎಷ್ಟು’ ಎನ್ನುವುದಕ್ಕಿಂತ ‘ಮಾಮೂಲಿ ಕರಾರಿನ ಖಾಲಿ ಮನೆ ಎಷ್ಟು ಬೇಗ ಸಿಗುತ್ತದೆ’ ಎನ್ನುವುದು ನಿಮಗೆ ದೊಡ್ಡ ಪ್ರಶ್ನೆ ಆಗಬೇಕು.

ಒಂದು ಕಾಲಕ್ಕೆ ಬರ್ಲಿನ್ ನಿಜವಾಗಿ ಅಗ್ಗದ ರಾಜಧಾನಿ. 1989ರಲ್ಲಿ ಗೋಡೆ ಬಿದ್ದ ಮೇಲೆ ಪೂರ್ವ ಭಾಗದಲ್ಲಿ ಎಷ್ಟೋ ಮನೆಗಳು ಖಾಲಿ ಬಿದ್ದಿದ್ದವು. ಊರಿನ ಆಡಳಿತದ ಹತ್ತಿರ ದುಡ್ಡಿರಲಿಲ್ಲ. ತನ್ನ ಕೈಲಿದ್ದ ಸಾವಿರಾರು ಮನೆಗಳನ್ನು ಖಾಸಗಿಯವರಿಗೆ ಮಾರಿತು. ಆಮೇಲೆ ಜನ ಬರತೊಡಗಿದರು, ಕಂಪನಿಗಳು ಬಂದವು. ಮನೆ ಕಟ್ಟುವ ವೇಗ ಮಾತ್ರ ಅದಕ್ಕೆ ಸರಿಸಮ ಆಗಲಿಲ್ಲ. 2020ರಲ್ಲಿ ಬಾಡಿಗೆಗೆ ಮಿತಿ ಹಾಕುವ ಕಾನೂನು ತಂದರು. 2021ರ ಏಪ್ರಿಲ್‌ನಲ್ಲಿ ಸಂವಿಧಾನ ನ್ಯಾಯಾಲಯ ಅದನ್ನು ರದ್ದು ಮಾಡಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ದೊಡ್ಡ ಕಂಪನಿಗಳ ಮನೆಗಳನ್ನು ಸರಕಾರ ವಶಪಡಿಸಿಕೊಳ್ಳಬೇಕು ಅಂತ ಜನಮತದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮತ ಹಾಕಿದರು. ಬಾಡಿಗೆ ವಿಷಯಕ್ಕೆ ಈ ಊರಿನ ಜನ ಎಷ್ಟು ನೊಂದಿದ್ದಾರೆ ಅನ್ನುವುದಕ್ಕೆ ಇಷ್ಟು ಸಾಕು. ಹಳೇ ಬಾಡಿಗೆದಾರರಿಗೆ ಕಾನೂನಿನ ರಕ್ಷಣೆ ಗಟ್ಟಿಯಾಗಿದೆ. ಹಾಗಾಗಿ ಯಾರೂ ಮನೆ ಬಿಡುವುದಿಲ್ಲ. ಹೊಸಬರಿಗೆ ಉಳಿಯುವುದು ಸ್ವಲ್ಪವೇ, ಅದೂ ದುಬಾರಿ.

ಈಗ ಸಂಬಳದ ಲೆಕ್ಕ. 60,000 ಅಂದರೆ ತಿಂಗಳಿಗೆ 5,000. ಅದು ಕೈಗೆ ಬರುವ ದುಡ್ಡಲ್ಲ. ಪಿಂಚಣಿಗೆ 9.3 ಶೇಕಡ, ನಿರುದ್ಯೋಗ ವಿಮೆಗೆ 1.3 ಶೇಕಡ, ಆರೋಗ್ಯ ವಿಮೆಗೆ ಎಂಟೂವರೆಯಿಂದ ಒಂಬತ್ತು ಶೇಕಡ, ವೃದ್ಧಾಪ್ಯದ ಆರೈಕೆಯ ವಿಮೆಗೆ ಇನ್ನೊಂದಿಷ್ಟು ಹೋಗುತ್ತದೆ. ಇಷ್ಟರಲ್ಲೇ ಸಾವಿರದ ಮೇಲೆ ಕಡಿತ. ಆಮೇಲೆ ಆದಾಯ ತೆರಿಗೆ. ಅದು ನಿಮ್ಮ ತೆರಿಗೆ ವರ್ಗದ ಮೇಲೆ ನಿಂತಿದೆ. ನಿಮ್ಮ ಯಜಮಾನರು ಒಬ್ಬರೇ ಮೊದಲು ಹೋದರೆ ಅವರು 1ನೇ ವರ್ಗ. ಕೈಗೆ ಸುಮಾರು 3,100 ಬರುತ್ತದೆ. ನೀವು ಹೋಗಿ ಜೊತೆಯಲ್ಲಿ ವಾಸ ಮಾಡುತ್ತಿದ್ದೀರಿ ಅಂತ ನೋಂದಣಿ ಆದಮೇಲೆ ಅವರು 3ನೇ ವರ್ಗಕ್ಕೆ ಹೋಗಬಹುದು. ಆಗ ಸುಮಾರು 3,500. ಮದುವೆಯಾಗಿದ್ದರೆ ಸಾಲದು. ಹೆಂಡತಿ ಜರ್ಮನಿಯಲ್ಲಿ ಇರಬೇಕು. ಇದನ್ನು ಎಷ್ಟೋ ಜನ ಬರುವ ಮುಂಚೆ ತಿಳಿದುಕೊಳ್ಳುವುದಿಲ್ಲ.

ಇಲ್ಲೊಂದು ಒಳ್ಳೇ ಸುದ್ದಿ ಇದೆ. ಅದೇ ವರ್ಷದೊಳಗೆ, ಡಿಸೆಂಬರ್‌ನಲ್ಲಾದರೂ ಸರಿ, ನೀವು ಬಂದು ನೆಲೆಸಿ ನೋಂದಾಯಿಸಿಕೊಂಡರೆ ಆ ಇಡೀ ವರ್ಷಕ್ಕೆ ಗಂಡ ಹೆಂಡತಿ ಒಟ್ಟಿಗೆ ತೆರಿಗೆ ಲೆಕ್ಕ ಕೊಡಬಹುದು. ಹೆಚ್ಚಿಗೆ ಕಡಿದದ್ದು ವಾಪಸ್ ಬರುತ್ತದೆ. ಕೆಲಸಕ್ಕಾಗಿ ಊರು ಬದಲಿಸಿದ ಖರ್ಚನ್ನೂ ತೋರಿಸಬಹುದು. ವಿಮಾನದ ಟಿಕೆಟ್, ಸಾಮಾನು ಕಳಿಸಿದ ರಸೀದಿ, ಎಲ್ಲ ಜೋಪಾನವಾಗಿಡಿ. ಆ ವರ್ಷ ನೀವಿಬ್ಬರೂ ಭಾರತದಲ್ಲಿ ಗಳಿಸಿದ್ದನ್ನೂ ಬರೆಯಬೇಕು. ಅದಕ್ಕೆ ಇಲ್ಲಿ ತೆರಿಗೆ ಹಾಕುವುದಿಲ್ಲ, ಆದರೆ ಇಲ್ಲಿಯ ಆದಾಯಕ್ಕೆ ಹಾಕುವ ದರವನ್ನು ಅದು ಸ್ವಲ್ಪ ಮೇಲೆತ್ತುತ್ತದೆ. ಅಕೌಂಟ್ಸ್ ಗೊತ್ತಿರುವ ನಿಮಗೆ ಇದು ಕಷ್ಟದ ಲೆಕ್ಕವಲ್ಲ.

ಮನೆಯ ವಿಷಯಕ್ಕೆ ಬರೋಣ. ಇಲ್ಲಿಯ ಜಾಹೀರಾತು ಓದುವುದಕ್ಕೇ ಒಂದು ಅಭ್ಯಾಸ ಬೇಕು. ‘2 ತ್ಸಿಮ್ಮರ್’ ಅಂದರೆ ಎರಡು ಕೋಣೆ. ಹಾಲ್ ಕೂಡ ಅದರಲ್ಲೇ ಒಂದು. ಅಂದರೆ ನಾವು ಒನ್ ಬಿಎಚ್‌ಕೆ ಅನ್ನುವುದು ಅದು. ನಿಮಗೆ ಬೇಕಾದ್ದು 3 ತ್ಸಿಮ್ಮರ್, 70ರಿಂದ 80 ಚದರ ಮೀಟರ್. ಬಾಡಿಗೆಯಲ್ಲೂ ಎರಡು ಬಗೆ. ‘ಕಾಲ್ಟ್’ ಅಂದರೆ ಬರೀ ಜಾಗದ ಬಾಡಿಗೆ. ‘ವಾರ್ಮ್’ ಅಂದರೆ ಅದರ ಮೇಲೆ ನೀರು, ಕಸ, ಮೆಟ್ಟಿಲು ಗುಡಿಸುವ ಖರ್ಚು, ಸಾಮಾನ್ಯವಾಗಿ ಹೀಟಿಂಗ್ ಸೇರಿದ ಮೊತ್ತ. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದು ಎಷ್ಟೋ ಸಲ ಕಾಲ್ಟ್. ನೀವು ಕೊಡುವುದು ವಾರ್ಮ್. ಕರೆಂಟ್ ಎರಡರಲ್ಲೂ ಇರುವುದಿಲ್ಲ, ಅದಕ್ಕೆ ನೀವೇ ಬೇರೆ ಕರಾರು ಮಾಡಿಕೊಳ್ಳಬೇಕು.

ಖಾಲಿ ಮನೆ ಅಂದರೆ ಇಲ್ಲಿ ನಿಜವಾಗಿ ಖಾಲಿ. ಸೂರಿನಿಂದ ಎರಡು ವೈರ್ ನೇತಾಡುತ್ತಿರುತ್ತವೆ, ಬಲ್ಬ್ ಇರುವುದಿಲ್ಲ. ಎಷ್ಟೋ ಮನೆಗಳಲ್ಲಿ ಅಡುಗೆಮನೆ ಅಂದರೆ ನಾಲ್ಕು ಗೋಡೆ, ನೀರಿನ ಕೊಳವೆ, ಅಷ್ಟೇ. ಒಲೆ, ಸಿಂಕ್, ಕಪಾಟು ಎಲ್ಲ ಬಾಡಿಗೆದಾರರೇ ಹಾಕಿಸಬೇಕು. ಹೊಸದಾಗಿ ಹಾಕಿಸಿದರೆ ಎರಡರಿಂದ ನಾಲ್ಕು ಸಾವಿರ ಯೂರೋ ಹೋಗುತ್ತದೆ. ಬಿಟ್ಟುಹೋಗುವ ಬಾಡಿಗೆದಾರರು ತಮ್ಮ ಅಡುಗೆಮನೆಯನ್ನು ನಿಮಗೇ ಮಾರಲು ಸಿದ್ಧರಿದ್ದರೆ ಸಾವಿರದ ಆಸುಪಾಸಿನಲ್ಲಿ ಮುಗಿಯಬಹುದು. ಜಾಹೀರಾತಿನಲ್ಲಿ ‘ಐನ್‌ಬೌಕ್ಯೂಶೆ’ ಅಂತ ಇದ್ದರೆ ಅಡುಗೆಮನೆ ಸಿದ್ಧ ಇದೆ ಅಂತ ಅರ್ಥ. ಅಂಥ ಮನೆಗೆ ತಿಂಗಳಿಗೆ ಐವತ್ತು ಯೂರೋ ಜಾಸ್ತಿ ಕೇಳಿದರೂ ಮೊದಲ ಮನೆಗೆ ಅದೇ ವಾಸಿ ಅಂತ ನನ್ನ ಅಭಿಪ್ರಾಯ.

ಮುಂಗಡ, ಅಂದರೆ ‘ಕೌಟ್ಸಿಯೋನ್’, ಹೆಚ್ಚೆಂದರೆ ಮೂರು ತಿಂಗಳ ಕಾಲ್ಟ್ ಬಾಡಿಗೆ. ಅದಕ್ಕಿಂತ ಹೆಚ್ಚು ಕೇಳಲು ಕಾನೂನು ಬಿಡುವುದಿಲ್ಲ. ಅದನ್ನು ಮೂರು ಕಂತಿನಲ್ಲಿ ಕೊಡುವ ಹಕ್ಕೂ ನಿಮಗಿದೆ. ಎಷ್ಟೋ ಜನಕ್ಕೆ ಈ ಹಕ್ಕು ಗೊತ್ತಿಲ್ಲ. ಮನೆ ಕೈತಪ್ಪಬಾರದು ಅಂತ ಒಂದೇ ಸಲ ಕೊಟ್ಟು ಆ ತಿಂಗಳು ಸಾಲ ಮಾಡುತ್ತಾರೆ.

ತೊಂದರೆ ಏನೆಂದರೆ, ಇಂಥ ಮನೆ ಬಂದ ಕೂಡಲೇ ಸಿಗುವುದಿಲ್ಲ. ಮನೆ ಮಾಲೀಕರು ಮೂರು ತಿಂಗಳ ಸಂಬಳದ ಚೀಟಿ ಕೇಳುತ್ತಾರೆ. ಸಾಲ ಸರಿಯಾಗಿ ತೀರಿಸುತ್ತಾರೆ ಅನ್ನುವುದಕ್ಕೆ ‘ಶೂಫಾ’ ಪತ್ರ ಕೇಳುತ್ತಾರೆ. ಹಿಂದಿನ ಮಾಲೀಕರಿಗೆ ಬಾಡಿಗೆ ಬಾಕಿ ಇಲ್ಲ ಅನ್ನುವ ಪತ್ರವನ್ನೂ ಕೇಳುತ್ತಾರೆ. ಹೊಸದಾಗಿ ಬಂದವರ ಹತ್ತಿರ ಇದ್ಯಾವುದೂ ಇರುವುದಿಲ್ಲ. ಹಾಗಾಗಿ ಮೊದಲು ಎಲ್ಲರೂ ಸಾಮಾನು ಸಮೇತದ ತಾತ್ಕಾಲಿಕ ಮನೆಗೇ ಹೋಗುತ್ತಾರೆ. ಮೂವರಿಗೆ ಸಾಲುವ ಅಂಥ ಮನೆಗೆ ತಿಂಗಳಿಗೆ 1,800ರಿಂದ 2,500 ಯೂರೋ. ಹೊಸ ಬಾಡಿಗೆಗೆ ಬರ್ಲಿನ್‌ನಲ್ಲಿ ಒಂದು ಮಿತಿ ಇದೆ. ಆ ಪ್ರದೇಶದ ಸರಾಸರಿಗಿಂತ ಹತ್ತು ಶೇಕಡಕ್ಕಿಂತ ಹೆಚ್ಚು ಕೇಳುವಂತಿಲ್ಲ. ಆದರೆ ‘ತಾತ್ಕಾಲಿಕ ಬಳಕೆ’ಗೆ ಕೊಟ್ಟ ಮನೆಗೆ ಆ ಮಿತಿ ಅನ್ವಯಿಸುವುದಿಲ್ಲ. 2014ರ ಅಕ್ಟೋಬರ್ ನಂತರ ಮೊದಲ ಸಲ ಬಾಡಿಗೆಗೆ ಬಂದ ಹೊಸ ಮನೆಗಳಿಗೂ ಇಲ್ಲ. ಈ ಸಂದಿಯಲ್ಲೇ ಹೊಸಬರ ದುಡ್ಡು ಸೋರಿಹೋಗುವುದು.

ಎರಡು ಮೂರು ತಿಂಗಳು ಅಲ್ಲಿರಿ, ತಪ್ಪಲ್ಲ. ಅಲ್ಲೇ ವರ್ಷಗಟ್ಟಲೆ ಉಳಿಯುವುದು ತಪ್ಪು. ಕೆಲಸದ ಒತ್ತಡ, ಭಾಷೆಯ ಹೆದರಿಕೆ, ಮನೆ ಹುಡುಕುವ ಬೇಸರ, ಹೀಗೆ ಒಂದೊಂದೇ ತಿಂಗಳು ಮುಂದೆ ಹಾಕುತ್ತಾ ಎರಡು ವರ್ಷ ಕಳೆದವರನ್ನು ಕಂಡಿದ್ದೇನೆ. ತಿಂಗಳಿಗೆ 700, 800 ಯೂರೋ ಸುಮ್ನೆ ಹೋಯಿತಲ್ಲ ಅಂತ ಈಗ ಅವರಿಗೆ ಸಂಕಟ.

ತಾತ್ಕಾಲಿಕ ಮನೆ ಹಿಡಿಯುವಾಗ ಒಂದು ಮಾತು ಬರಹದಲ್ಲಿ ತೆಗೆದುಕೊಳ್ಳಿ: ಆ ವಿಳಾಸದಲ್ಲಿ ‘ಆನ್‌ಮೆಲ್ಡುಂಗ್’ ಮಾಡಲು ಬಿಡುತ್ತಾರಾ? ಅಂದರೆ ವಿಳಾಸದ ನೋಂದಣಿ. ಮನೆಗೆ ಬಂದ 14 ದಿನದೊಳಗೆ ಮಾಡಿಸಬೇಕು ಅಂತ ಕಾನೂನು. ಮಾಲೀಕರ ಸಹಿ ಇರುವ ಪತ್ರ ಇಲ್ಲದೆ ಅದು ಆಗುವುದಿಲ್ಲ. ನೋಂದಣಿ ಆಗದಿದ್ದರೆ ತೆರಿಗೆ ಸಂಖ್ಯೆ ಬರುವುದಿಲ್ಲ. ತೆರಿಗೆ ಸಂಖ್ಯೆ ಇಲ್ಲದಿದ್ದರೆ ಕಂಪನಿಯವರು ಅತಿ ಹೆಚ್ಚು ಕಡಿತದ 6ನೇ ವರ್ಗ ಹಾಕಬಹುದು. ಆ ದುಡ್ಡು ಆಮೇಲೆ ವಾಪಸ್ ಬರುತ್ತದೆ, ನಿಜ. ಆದರೆ ದುಡ್ಡು ಬೇಕಾದ್ದು ಆ ತಿಂಗಳು ತಾನೆ? ಮಗಳ ಶಿಶುವಿಹಾರದ ಅರ್ಜಿ, ಮಕ್ಕಳ ಭತ್ಯೆ, ನಿಮ್ಮ ತೆರಿಗೆ ವರ್ಗ, ಎಲ್ಲವೂ ಈ ಒಂದು ಕಾಗದದ ಹಿಂದೆ ಸಾಲಾಗಿ ನಿಂತಿವೆ. ಇನ್ನೂರು ಯೂರೋ ಕಡಿಮೆ ಅಂತ ನೋಂದಣಿಗೆ ಒಪ್ಪದ ಮನೆ ಹಿಡಿಯಬೇಡಿ. ಹಾಗೆಯೇ ನೋಡದ ಮನೆಗೆ ಮುಂಗಡ ಕಳಿಸಬೇಡಿ. ‘ನಾನು ವಿದೇಶದಲ್ಲಿದ್ದೇನೆ, ದುಡ್ಡು ಹಾಕಿ, ಬೀಗದ ಕೈ ಪೋಸ್ಟ್‌ನಲ್ಲಿ ಬರುತ್ತದೆ’ ಅನ್ನುವವರೆಲ್ಲ ಮೋಸಗಾರರೇ.

ನೋಂದಣಿ ಅರ್ಜಿಯಲ್ಲಿ ಧರ್ಮದ ಒಂದು ಕಲಂ ಇರುತ್ತದೆ. ಕ್ಯಾಥೊಲಿಕ್ ಅಥವಾ ಪ್ರೊಟೆಸ್ಟೆಂಟ್ ಅಂತ ಬರೆದವರಿಗೆ ಬರ್ಲಿನ್‌ನಲ್ಲಿ ಆದಾಯ ತೆರಿಗೆಯ 9 ಶೇಕಡದಷ್ಟು ಚರ್ಚ್ ತೆರಿಗೆ ಬೀಳುತ್ತದೆ. ಹಿಂದೂಗಳಿಗೆ ಅದು ಅನ್ವಯಿಸುವುದಿಲ್ಲ. ಇದು ಸುಮ್ಮನೆ ಕೇಳುವ ಪ್ರಶ್ನೆಯಲ್ಲ, ಹಿಂದೆ ದುಡ್ಡಿದೆ ಅನ್ನುವುದು ಗೊತ್ತಿರಲಿ.

ಖಾಲಿ ಮನೆ ಎಲ್ಲಿ ಹುಡುಕುವುದು? ಇಮ್ಮೋಸ್ಕೌಟ್ ಅನ್ನುವ ಮನೆ ಜಾಹೀರಾತಿನ ತಾಣದಲ್ಲಿ ಎಲ್ಲರೂ ಹುಡುಕುತ್ತಾರೆ, ಒಂದೊಂದು ಮನೆಗೆ ನೂರಾರು ಅರ್ಜಿ ಬೀಳುತ್ತವೆ. ಅದರ ಜೊತೆಗೆ ಊರಿನದೇ ಆರು ವಸತಿ ಕಂಪನಿಗಳಿವೆ: ಡೆಗೆವೊ, ಗೆಸೊಬೌ, ಗೆವೊಬಾಗ್, ಹೊವೊಗೆ, ಷ್ಟಾಟ್ ಉಂಟ್ ಲಾಂಟ್, ವೆಬೆಎಮ್. ಇವುಗಳ ಬಾಡಿಗೆ ಖಾಸಗಿಯವರಿಗಿಂತ ಕಡಿಮೆ. ಆರರ ಖಾಲಿ ಮನೆಗಳೂ ‘ಇನ್ ಬರ್ಲಿನ್ ವೋನೆನ್’ ಅನ್ನುವ ಒಂದೇ ತಾಣದಲ್ಲಿ ಸಿಗುತ್ತವೆ. ದಿನಾ ಬೆಳಿಗ್ಗೆ ನೋಡಿ. ಊರ ನಡುವಿನ ಪ್ರೆಂಟ್ಸ್‌ಲೌವರ್ ಬೆರ್ಗ್, ಮಿಟ್ಟೆ, ಕ್ರೊಯ್ಟ್ಸ್‌ಬೆರ್ಗ್ ಬಡಾವಣೆಗಳೇ ಬೇಕು ಅಂತ ಮನಸ್ಸಿನಲ್ಲಿ ಗಂಟು ಹಾಕಿಕೊಳ್ಳಬೇಡಿ. ಷ್ಪಾಂಡೌ, ಲಿಷ್ಟೆನ್‌ಬೆರ್ಗ್, ರೈನಿಕೆನ್‌ಡೋರ್ಫ್, ಮಾರ್ತ್ಸಾನ್ ಕಡೆ ನೋಡಿ. ಊರನ್ನು ಸುತ್ತುವ ರಿಂಗ್ ರೈಲಿನ ಹೊರಗಿದ್ದರೂ ಮೆಟ್ರೋ, ಟ್ರಾಮ್ ಇದ್ದೇ ಇವೆ. ಅಲ್ಲಿ ಮೂರು ಕೋಣೆಯ ಮನೆ ವಾರ್ಮ್ 1,300ರಿಂದ 1,700ಕ್ಕೆ ಸಿಗುವ ಸಾಧ್ಯತೆ ಇದೆ.

ಕರಾರಿಗೆ ಸಹಿ ಹಾಕುವ ಮುಂಚೆ ‘ಇಂಡೆಕ್ಸ್‌ಮೀಟೆ’ ಅನ್ನುವ ಪದ ಇದೆಯಾ ನೋಡಿ. ಇದ್ದರೆ ಬೆಲೆ ಏರಿಕೆಯ ಜೊತೆ ಬಾಡಿಗೆಯೂ ಏರುತ್ತದೆ. 2022ರಲ್ಲಿ ಜರ್ಮನಿಯ ಬೆಲೆ ಏರಿಕೆ 6.9 ಶೇಕಡ ಇತ್ತು. ಅಂಥ ಕರಾರು ಮಾಡಿಕೊಂಡಿದ್ದವರಿಗೆ ಆಗ ಬಿಸಿ ಮುಟ್ಟಿತು. ಮಾಮೂಲಿ ಕರಾರಿನಲ್ಲಿ ಬರ್ಲಿನ್‌ನಲ್ಲಿ ಮೂರು ವರ್ಷಕ್ಕೆ 15 ಶೇಕಡಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಬಾಡಿಗೆದಾರರ ಸಂಘಕ್ಕೆ ಸೇರಿಕೊಳ್ಳಿ. ತಿಂಗಳಿಗೆ ಹತ್ತು ಯೂರೋ ಆಸುಪಾಸು. ಅವರ ವಕೀಲರು ನಿಮ್ಮ ಕರಾರು ಓದಿ ಹೇಳುತ್ತಾರೆ.

ನನ್ನದೇ ಒಂದು ಕಥೆ ಹೇಳುತ್ತೇನೆ. ಮೊದಲ ಚಳಿಗಾಲ ನಮ್ಮ ಮಗು ಹುಟ್ಟಿ ಮೂರು ತಿಂಗಳು. ಚಳಿ ತಾಗಬಾರದು ಅಂತ ಹಗಲು ರಾತ್ರಿ ಹೀಟಿಂಗ್ ಗುಂಡಿಯನ್ನು ಅತಿ ಹೆಚ್ಚಿನ ಐದರಲ್ಲೇ ಇಟ್ಟೆವು. ಗಾಳಿ ಬೇಕು ಅಂತ ಕಿಟಕಿಯನ್ನೂ ಓರೆ ಮಾಡಿ ಬಿಟ್ಟೆವು. ವಾರ್ಮ್ ಬಾಡಿಗೆ ಕೊಡುತ್ತೇವಲ್ಲ, ಹೀಟಿಂಗ್ ಅದರಲ್ಲೇ ಬಂತು ಅಂದುಕೊಂಡಿದ್ದೆವು. ಮುಂದಿನ ವರ್ಷ ಶರತ್ಕಾಲದಲ್ಲಿ ಮನೆ ಮಾಲೀಕರಿಂದ ಒಂದು ಕಾಗದ ಬಂತು: ಬಾಕಿ 640 ಯೂರೋ. ಆವತ್ತು ನಮ್ಮ ಖಾತೆಯಲ್ಲಿ ಅಷ್ಟು ಇರಲಿಲ್ಲ. ವಾರ್ಮ್‌ನಲ್ಲಿ ಇರುವುದು ಬರೀ ಅಂದಾಜಿನ ಮುಂಗಡ ಅಂತ ಆಗ ಗೊತ್ತಾಯಿತು. ವರ್ಷದ ಕೊನೆಗೆ ಮೀಟರ್ ನೋಡಿ ಲೆಕ್ಕ ಹಾಕುತ್ತಾರೆ. ಆ ಲೆಕ್ಕ ಕಳಿಸಲು ಮಾಲೀಕರಿಗೆ ಹನ್ನೆರಡು ತಿಂಗಳ ಸಮಯ ಇರುತ್ತದೆ. ಹಾಗಾಗಿ ಅದು ನೀವು ಮರೆತ ಮೇಲೆ ಬರುತ್ತದೆ. ಇಲ್ಲಿಯವರು ಮಾಡುವ ಹಾಗೆ ಮಾಡಿ. ಹೀಟಿಂಗ್ ಎರಡು ಮೂರರಲ್ಲಿಡಿ. ದಿನಕ್ಕೆ ಎರಡು ಮೂರು ಸಲ ಹೀಟಿಂಗ್ ಆರಿಸಿ, ಕಿಟಕಿ ಪೂರ್ತಿ ತೆರೆದು ಐದು ನಿಮಿಷ ಬಿಟ್ಟು ಮುಚ್ಚಿ. ಮೊದಲ ವರ್ಷ ತಿಂಗಳಿಗೆ ಐವತ್ತು ಯೂರೋ ಈ ಬಾಕಿಗೆಂದೇ ಪಕ್ಕಕ್ಕಿಡಿ.

ಊಟದ ಖರ್ಚಿಗೆ ಹೆದರಬೇಡಿ. ಯುರೋಪಿನ ದೊಡ್ಡ ದೇಶಗಳ ಪೈಕಿ ಜರ್ಮನಿಯಲ್ಲಿ ದಿನಸಿ ತೀರಾ ದುಬಾರಿ ಅಲ್ಲ. ಆಲ್ಡಿ, ಲಿಡ್ಲ್, ಪೆನ್ನಿ, ನೆಟ್ಟೊ ಅನ್ನುವ ಅಂಗಡಿಗಳಲ್ಲಿ ಹಾಲು, ಮೊಸರು, ಬೆಣ್ಣೆ, ಹಿಟ್ಟು, ಮೊಟ್ಟೆ ಕೊಳ್ಳಿ. ಅದೇ ಸಾಮಾನು ರೇವೆ, ಎಡೆಕಾದಲ್ಲೂ ಸಿಗುತ್ತದೆ. ಅಲ್ಲಿ ಅಂಗಡಿಯ ಸ್ವಂತ ಬ್ರ್ಯಾಂಡ್ ಬಿಟ್ಟು ಬೇರೆದು ತೆಗೆದರೆ ಬಿಲ್ ಏರುತ್ತದೆ. ಕೊತ್ತಂಬರಿ, ಪುದೀನ, ಬದನೆ, ಬೆಂಡೆ, ಮೆಣಸಿನಕಾಯಿಗೆ ಟರ್ಕಿಯವರ ಅಂಗಡಿಯೇ ಸರಿ. ನೊಯ್‌ಕೋಲ್ನ್, ಕ್ರೊಯ್ಟ್ಸ್‌ಬೆರ್ಗ್, ವೆಡ್ಡಿಂಗ್ ತುಂಬ ಅವು ಇವೆ. ಸೂಪರ್ ಮಾರ್ಕೆಟ್‌ನಲ್ಲಿ ಒಂದು ಪುಟ್ಟ ಕುಂಡದ ಕೊತ್ತಂಬರಿಗೆ ಕೊಡುವ ದುಡ್ಡಿಗೆ ಅಲ್ಲಿ ಕೈತುಂಬ ಕಟ್ಟು ಬರುತ್ತದೆ. ಮಂಗಳವಾರ, ಶುಕ್ರವಾರ ಮೈಬಾಖ್‌ಊಫರ್ ಕಾಲುವೆಯ ದಂಡೆಯಲ್ಲಿ ಸಂತೆ ನಡೆಯುತ್ತದೆ. ಸಂಜೆ ಮುಚ್ಚುವ ಹೊತ್ತಿಗೆ ಹೋದರೆ ತರಕಾರಿ ಬುಟ್ಟಿಗಟ್ಟಲೆ ಅಗ್ಗ. ತೊಗರಿಬೇಳೆ, ಉದ್ದಿನಬೇಳೆ, ಸೋನಾ ಮಸೂರಿಗೆ ಭಾರತೀಯ ಅಂಗಡಿಗಳಿವೆ. ಹತ್ತು ಕಿಲೋ ಚೀಲ ತಂದರೆ ಲಾಭ. ಅಕ್ಕಪಕ್ಕದ ಎರಡು ಮನೆಯವರು ಸೇರಿ ತಂದುಕೊಳ್ಳುವುದೂ ಇದೆ.

ಕುಡಿಯುವ ನೀರು ಕೊಳ್ಳಬೇಡಿ. ನಲ್ಲಿ ನೀರು ಚೆನ್ನಾಗಿದೆ. ಪ್ಲಾಸ್ಟಿಕ್ ಬಾಟಲಿ ಕೊಂಡರೆ ಒಂದಕ್ಕೆ 25 ಸೆಂಟ್ ಠೇವಣಿ ಸೇರಿರುತ್ತದೆ. ಎಸೆಯದೆ ಅಂಗಡಿಯ ಯಂತ್ರಕ್ಕೆ ಹಾಕಿ ವಾಪಸ್ ತಗೊಳ್ಳಿ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ದೊಡ್ಡ ರೈಲು ನಿಲ್ದಾಣದಲ್ಲಿ ತೆರೆದಿರುತ್ತವೆ, ಆದರೆ ಜನಜಂಗುಳಿ. ಶನಿವಾರವೇ ಹಾಲು ತಂದಿಟ್ಟುಕೊಳ್ಳಿ. ಮನೆಯಲ್ಲೇ ಅಡುಗೆ ಮಾಡುವ ಮೂವರಿಗೆ ತಿಂಗಳಿಗೆ 500ರಿಂದ 600 ಯೂರೋ ಸಾಕು. ದುಡ್ಡು ಹೋಗುವುದು ಹೊರಗೆ ತಿನ್ನುವುದರಲ್ಲಿ. ಹೋಟೆಲಿನಲ್ಲಿ ಕೂತು ಉಂಡರೆ ತಲೆಗೆ 15ರಿಂದ 20 ಯೂರೋ ಹಿಡಿಯಿರಿ. ವಾರಕ್ಕೆ ಎರಡು ಸಲ ಹೋದರೆ ತಿಂಗಳಿಗೆ 400 ಆಯಿತು.

ಮಕ್ಕಳ ವಿಷಯದಲ್ಲಿ ಈ ಊರು ನಿಜಕ್ಕೂ ಕೈಹಿಡಿಯುತ್ತದೆ. ಇದನ್ನು ನಾನು ಕೃತಜ್ಞತೆಯಿಂದಲೇ ಹೇಳುತ್ತೇನೆ. ಶಿಶುವಿಹಾರಕ್ಕೆ ಇಲ್ಲಿ ‘ಕಿಟಾ’ ಅನ್ನುತ್ತಾರೆ. 2018ರ ಆಗಸ್ಟ್‌ನಿಂದ ಬರ್ಲಿನ್‌ನಲ್ಲಿ ಎಲ್ಲ ಮಕ್ಕಳಿಗೂ ಅದು ಉಚಿತ. ಊಟಕ್ಕೆ ತಿಂಗಳಿಗೆ 23 ಯೂರೋ ಕೊಡಬೇಕು, ಕೆಲವು ಕಡೆ ತಿಂಡಿಗೆ, ವಿಶೇಷ ಚಟುವಟಿಕೆಗೆ ಒಂದಿಷ್ಟು ಸೇರಿಸುತ್ತಾರೆ. ಕಿಟಾಗೆ ಸೇರಿಸಲು ‘ಗುಟ್‌ಶೈನ್’ ಅನ್ನುವ ಚೀಟಿ ಬೇಕು, ಅದನ್ನು ಕೊಡುವುದು ನಿಮ್ಮ ಜಿಲ್ಲೆಯ ಯುಗೆಂಡ್‌ಆಮ್ಟ್, ಅಂದರೆ ಮಕ್ಕಳ ವಿಷಯ ನೋಡಿಕೊಳ್ಳುವ ಸರಕಾರಿ ಕಚೇರಿ. ಸೆಪ್ಟೆಂಬರ್ 30ರೊಳಗೆ ಆರು ತುಂಬುವ ಮಕ್ಕಳು ಆ ವರ್ಷವೇ ಶಾಲೆಗೆ ಸೇರಬೇಕು. ಸರಕಾರಿ ಶಾಲೆಗೆ ಫೀಸ್ ಇಲ್ಲ. 6ನೇ ತರಗತಿವರೆಗೆ ಮಧ್ಯಾಹ್ನದ ಊಟ ಉಚಿತ. ಶಾಲಾ ಮಕ್ಕಳಿಗೆ ಊರೊಳಗಿನ ಬಸ್ಸು, ರೈಲೂ ಉಚಿತ. ಇದರ ಮೇಲೆ ‘ಕಿಂಡರ್‌ಗೆಲ್ಡ್’ ಅಂತ ಪ್ರತಿ ಮಗುವಿಗೆ ತಿಂಗಳಿಗೆ 259 ಯೂರೋ ಸರಕಾರ ಕೊಡುತ್ತದೆ, ಇದು 2026ರ ಮೊತ್ತ. ತಡ ಮಾಡಿ ಅರ್ಜಿ ಹಾಕಿದರೆ ಹಿಂದಿನ ಆರು ತಿಂಗಳದ್ದು ಮಾತ್ರ ಸಿಗುತ್ತದೆ. ಇಂಗ್ಲಿಷ್ ಖಾಸಗಿ ಶಾಲೆಗೆ ಹಾಕಬೇಕು ಅಂತ ಹೊರಟರೆ ಮಾತ್ರ ಇಡೀ ಲೆಕ್ಕ ತಲೆಕೆಳಗು. ನಾಲ್ಕು ವರ್ಷದ ಮಗು ಕಿಟಾದಲ್ಲಿ ಬೇಗ ಜರ್ಮನ್ ಕಲಿಯುತ್ತದೆ. ಅದಕ್ಕೆ ಹೆದರಬೇಡಿ.

ಆಸ್ಪತ್ರೆ ಖರ್ಚಿನ ಬಗ್ಗೆಯೂ ಹಾಗೆಯೇ. ಸಾರ್ವಜನಿಕ ವಿಮೆಯಲ್ಲಿ ದುಡಿಯದ ಹೆಂಡತಿ, ಮಕ್ಕಳು ಬೇರೆ ಕಂತಿಲ್ಲದೆ ಸೇರಿಕೊಳ್ಳುತ್ತಾರೆ. ಡಾಕ್ಟರ ಹತ್ತಿರ ಹೋದರೆ ಕಾರ್ಡ್ ತೋರಿಸಿದರೆ ಆಯಿತು. ಚೀಟಿಯ ಔಷಧಿಗೆ 5ರಿಂದ 10 ಯೂರೋ, ಮಕ್ಕಳಿಗೆ ಅದೂ ಇಲ್ಲ. ದೊಡ್ಡವರ ಕನ್ನಡಕ, ಹಲ್ಲಿನ ದೊಡ್ಡ ಕೆಲಸಕ್ಕೆ ಮಾತ್ರ ಕೈಯಿಂದ ಹೋಗುತ್ತದೆ. ಬರುವ ಮುಂಚೆ ಅವೆರಡನ್ನೂ ಮುಗಿಸಿಕೊಂಡು ಬನ್ನಿ.

ಓಡಾಟಕ್ಕೆ ಡಾಯ್ಚ್‌ಲಾಂಡ್ ಟಿಕೆಟ್ ಒಂದು ಸಾಕು. 2026ರ ಜನವರಿಯಿಂದ ತಿಂಗಳಿಗೆ 63 ಯೂರೋ. ಊರೊಳಗಿನ ಎಲ್ಲ ಬಸ್ಸು, ಟ್ರಾಮ್, ಮೆಟ್ರೋ, ದೇಶದ ಎಲ್ಲ ಕಡೆಯ ಸ್ಥಳೀಯ ರೈಲು ಇದರಲ್ಲೇ ಬರುತ್ತವೆ. ಆರು ವರ್ಷದೊಳಗಿನ ಮಕ್ಕಳಿಗೆ ಊರಲ್ಲಿ ಟಿಕೆಟ್ ಬೇಡ. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ 60 ಯೂರೋ ದಂಡ. ಕಾರಿನ ಯೋಚನೆ ಸದ್ಯಕ್ಕೆ ಬಿಡಿ. ಭಾರತದ ಲೈಸೆನ್ಸ್ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಇಲ್ಲಿಯ ಪರೀಕ್ಷೆ ಪಾಸು ಮಾಡಬೇಕು. ಅದರ ಖರ್ಚಿನಲ್ಲಿ ಒಂದು ಅಡುಗೆಮನೆ ಬರುತ್ತದೆ.

ಇನ್ನು ಚಿಲ್ಲರೆ ಬಿಲ್ಲುಗಳು. ಟಿವಿ ಇರಲಿ ಬಿಡಲಿ, ರೇಡಿಯೋ ಟಿವಿ ಶುಲ್ಕ ಅಂತ ಮನೆಗೆ ತಿಂಗಳಿಗೆ 18.36 ಯೂರೋ. ಪತ್ರ ಬಂದರೆ ಎತ್ತಿಡಬೇಡಿ, ಬಾಕಿ ಬೆಳೆಯುತ್ತದೆ. ಅಕಸ್ಮಾತ್ ಬೇರೆಯವರ ಆಸ್ತಿಗೆ ನಷ್ಟ ಮಾಡಿದರೆ ತುಂಬಿಕೊಡುವ ‘ಹಾಫ್ಟ್‌ಫ್ಲಿಷ್ಟ್’ ವಿಮೆ ತಿಂಗಳಿಗೆ ಐದಾರು ಯೂರೋ, ಅದನ್ನು ತಪ್ಪದೆ ಮಾಡಿಸಿ. ಸಾಮಾನು ಹಳೇದು ಕೊಳ್ಳಲು ಯಾರೂ ಇಲ್ಲಿ ನಾಚುವುದಿಲ್ಲ. ‘ಕ್ಲೈನ್‌ಆನ್‌ತ್ಸೈಗೆನ್’ ಅನ್ನುವ ತಾಣದಲ್ಲಿ ಮಂಚ, ಮೇಜು, ವಾಷಿಂಗ್ ಮಷಿನ್, ಮಕ್ಕಳ ಸೈಕಲ್ ಎಲ್ಲ ಸಿಗುತ್ತವೆ. ಬಿಟ್ಟಿಯಾಗಿ ಕೊಡುವವರೂ ಇದ್ದಾರೆ. ಚಳಿಯ ಕೋಟುಗಳನ್ನು ಇಲ್ಲಿಗೆ ಬಂದ ಮೇಲೇ ತಗೊಳ್ಳಿ.

ಈಗ ಕೂಡಿಸೋಣ. ಖಾಲಿ ಮನೆ ಸಿಕ್ಕಿದ ಮೇಲಿನ ತಿಂಗಳು: ವಾರ್ಮ್ ಬಾಡಿಗೆ 1,500, ಕರೆಂಟ್ 70, ಇಂಟರ್ನೆಟ್ ಮತ್ತು ಎರಡು ಫೋನ್ 60, ಟಿವಿ ಶುಲ್ಕ 18, ಎರಡು ಟಿಕೆಟ್ 126, ಊಟ 550, ಸೋಪು ಪೌಡರು ಇತ್ಯಾದಿ 70, ಕಿಟಾ 23, ವಿಮೆ 6, ಬಟ್ಟೆ, ಔಷಧಿ, ಒಂದೆರಡು ಸಲ ಹೊರಗೆ ಊಟ 250. ಸುಮಾರು 2,700 ಆಯಿತು. ಬರುವುದು ಸಂಬಳ 3,500, ಮಗಳ ಭತ್ಯೆ 259. ಸಾವಿರದ ಆಸುಪಾಸು ಉಳಿಯುತ್ತದೆ. ಇದೇ ಲೆಕ್ಕದಲ್ಲಿ ಬಾಡಿಗೆ 800 ಅಂತ ಹಾಕಿ ನೋಡಿ, ನಿಮ್ಮ ಮೊದಲ ಪರಿಚಯದವರ 2,000 ಬರುತ್ತದೆ. ತಾತ್ಕಾಲಿಕ ಮನೆಯ 2,300 ಹಾಕಿ, ಕರೆಂಟ್, ಇಂಟರ್ನೆಟ್ ಅದರಲ್ಲೇ ಸೇರಿದೆ ಅಂದುಕೊಂಡರೂ 3,300 ದಾಟುತ್ತದೆ. ಹೊರಗೆ ಊಟ ಜಾಸ್ತಿಯಾದರೆ 4,000ದ ಹತ್ತಿರ ಹೋಗುತ್ತದೆ. ಆ ಸಮಯದಲ್ಲಿ ನಿಮ್ಮ ಯಜಮಾನರು ಇನ್ನೂ 1ನೇ ವರ್ಗದಲ್ಲಿರುತ್ತಾರೆ, ಮಗಳ ಭತ್ಯೆ ಬಂದಿರುವುದಿಲ್ಲ, ಕೈಗೆ ಬರುವುದು 3,100. ಅಂದರೆ ಮೊದಲ ತಿಂಗಳುಗಳಲ್ಲಿ ಉಳಿತಾಯ ಇಲ್ಲ, ಕೈಯಿಂದ ಹೋಗುತ್ತದೆ. ಇದಕ್ಕೆ ಎರಡು ಮುಂಗಡ, ಹಳೇ ಅಡುಗೆಮನೆ, ಮಂಚ ಮೇಜು, ಕೋಟುಗಳನ್ನು ಸೇರಿಸಿ. ಬರುವ ಸಂಬಳ ಕಳೆದರೂ 8,000ದಿಂದ 10,000 ಯೂರೋ ನಿಮ್ಮ ಹತ್ತಿರ ಇರಬೇಕು. ಅಷ್ಟು ಇಲ್ಲ ಅಂದರೆ ಕಂಪನಿಯವರನ್ನು ಕೇಳಿ. ಸಂಬಳ ಎರಡು ಸಾವಿರ ಹೆಚ್ಚು ಕೊಡಿ ಅನ್ನುವುದಕ್ಕಿಂತ, ಮೂರು ತಿಂಗಳ ಮನೆ ಕೊಡಿ, ಅಲ್ಲಿ ನೋಂದಣಿಗೆ ಅವಕಾಶ ಇರಲಿ ಅಂತ ಕೇಳಿದರೆ ನಿಮಗೆ ಅದೇ ದೊಡ್ಡ ಲಾಭ. ಸಹಿ ಹಾಕುವ ಮುಂಚೆ ಕೇಳಬೇಕು. ಆಮೇಲೆ ಕೇಳಿ ಪ್ರಯೋಜನ ಕಡಿಮೆ.

ಕೊನೆಗೆ ನಿಮ್ಮ ಕೆಲಸ. ನಿಮ್ಮ ಪತ್ರದಲ್ಲಿ ಇದು ಕೊನೆಯ ಸಾಲಿನಲ್ಲಿತ್ತು, ಆದರೆ ನನಗೆ ಇದೇ ಮುಖ್ಯ ಅನ್ನಿಸಿತು. ಬ್ಲೂ ಕಾರ್ಡ್ ಇರುವವರ ಹೆಂಡತಿಗೆ ಬಂದ ದಿನದಿಂದಲೇ ಯಾವ ಕೆಲಸವನ್ನಾದರೂ ಮಾಡುವ ಅನುಮತಿ ಇದೆ. ವೀಸಾಕ್ಕೆ ಜರ್ಮನ್ ಪರೀಕ್ಷೆಯೂ ಬೇಡ. ಆದರೆ ಅಕೌಂಟ್ಸ್ ಅಂದರೆ ಇಲ್ಲಿಯ ತೆರಿಗೆ ಕಾನೂನು, ಅದು ಜರ್ಮನ್ ಭಾಷೆಯಲ್ಲಿ. ಇಂಗ್ಲಿಷ್‌ನಲ್ಲಿ ನಡೆಯುವ ಸ್ಟಾರ್ಟಪ್‌ಗಳಲ್ಲಿ ಅಂಥ ಕೆಲಸಗಳು ಇವೆ, ಆದರೆ ಪೈಪೋಟಿ ಜಾಸ್ತಿ. ಬಿ1, ಬಿ2 ಅನ್ನುವ ಮಧ್ಯಮ ಹಂತದವರೆಗೆ ಭಾಷೆ ಕಲಿತರೆ ಬಾಗಿಲು ಅಗಲವಾಗಿ ತೆರೆಯುತ್ತದೆ. ಅದಕ್ಕೆ ಒಂದು ವರ್ಷ, ಒಂದೂವರೆ ವರ್ಷ ಬೇಕು. ಫೋಕ್ಸ್‌ಹೋಖ್‌ಶೂಲೆ ಅನ್ನುವ ಸಾರ್ವಜನಿಕ ಶಿಕ್ಷಣ ಕೇಂದ್ರಗಳು ಪ್ರತಿ ಜಿಲ್ಲೆಯಲ್ಲಿವೆ. ಖಾಸಗಿ ತರಗತಿಗಿಂತ ಅಲ್ಲಿ ಫೀಸ್ ಎಷ್ಟೋ ಕಡಿಮೆ. ಕಲಿಯುವಾಗಲೇ ಸಣ್ಣ ಕೆಲಸ ಬೇಕು ಅನ್ನಿಸಿದರೆ ‘ಮಿನಿಜಾಬ್’ ಇದೆ. ತಿಂಗಳಿಗೆ 603 ಯೂರೋವರೆಗೆ ಗಳಿಸಬಹುದು, ಯಜಮಾನರ ವಿಮೆಯಲ್ಲಿ ಉಚಿತವಾಗಿ ಮುಂದುವರಿಯಬಹುದು.

ಪೂರ್ತಿ ಕೆಲಸ ಸಿಕ್ಕಿದ ಮೇಲೆ ಯಜಮಾನರು 3, ನೀವು 5ನೇ ವರ್ಗದಲ್ಲಿ ಉಳಿಯಬೇಡಿ. ಇಬ್ಬರೂ 4ಕ್ಕೆ ಬನ್ನಿ. ವರ್ಷದ ಕೊನೆಗೆ ಒಟ್ಟು ತೆರಿಗೆ ಅಷ್ಟೇ ಬರುತ್ತದೆ. ಆದರೆ 5ನೇ ವರ್ಗದಲ್ಲಿ ನಿಮ್ಮ ಕೈಗೆ ಬರುವ ಸಂಬಳ ತೀರಾ ಕುಗ್ಗುತ್ತದೆ. ನಾಳೆ ಹೆರಿಗೆ ರಜೆಯ ಭತ್ಯೆ, ನಿರುದ್ಯೋಗ ಭತ್ಯೆ ಬೇಕಾದರೆ ಅದನ್ನು ಲೆಕ್ಕ ಹಾಕುವುದು ಆ ಕುಗ್ಗಿದ ಸಂಬಳದ ಮೇಲೆಯೇ.

ಹೊರಡಲು ಇನ್ನೂ ಕೆಲವು ತಿಂಗಳಿದ್ದರೆ ಎ1 ಅನ್ನುವ ಮೊದಲ ಹಂತದ ಜರ್ಮನ್ ತರಗತಿಗೆ ಈಗಲೇ ಸೇರಿಕೊಳ್ಳಿ. ಮದುವೆಯ ನೋಂದಣಿ ಪತ್ರ, ಮಗಳ ಜನನ ಪತ್ರ, ನಿಮ್ಮ ಪದವಿ ಪತ್ರಗಳು ಇವತ್ತೇ ಒಂದು ಫೈಲಿಗೆ ಬರಲಿ. ಇಲ್ಲಿ ಬಂದ ಮೇಲೆ ಮೊದಲ ವಾರದಿಂದಲೇ ಅವನ್ನು ಕೇಳುತ್ತಾರೆ.